ನಿಮ್ಮ ಅಂಗಳದ ಹಳದಿ ಕಾಲಿನ ಹೇಂಟೆ

(ಮಲೆನಾಡಿನ ಓದುಗರೊಬ್ಬರು ಬರೆದ ಪತ್ರಕ್ಕೆ ಉತ್ತರ. ಅವರ ಮನೆಯಲ್ಲಿ ಹದಿನಾಲ್ಕು ಹೇಂಟೆ, ಮೂರು ಹುಂಜ ಇವೆ. ಕೋಳಿ ಸಾಕಣೆ ತರಬೇತಿಗೆ ಅರ್ಜಿ ಹಾಕಲು ಹೋದಾಗ ‘ತಳಿ’ ಅನ್ನುವ ಜಾಗದಲ್ಲಿ ‘ನಾನ್‌ಡಿಸ್ಕ್ರಿಪ್ಟ್’ ಎಂದು ಬರೆದರಂತೆ. ಮಗ ಅದನ್ನು ‘ತಳಿ ಇಲ್ಲದ್ದು’ ಎಂದು ಅರ್ಥ ಹೇಳಿ, ಎಲ್ಲವನ್ನೂ ಮಾರಿ ಜಾತಿ ಕೋಳಿ ತರೋಣ ಅನ್ನುತ್ತಿದ್ದಾನೆ. ಪಕ್ಕದ ಮನೆಯವರು ‘ನಮ್ಮ ಕೋಳಿ ಇಲ್ಲಿನ ಕಾಡುಕೋಳಿಯಿಂದಲೇ ಬಂದದ್ದು’ ಅನ್ನುತ್ತಾರೆ. ‘ಒಂದೇ ಹೇಂಟೆ ಹನ್ನೊಂದು ಮೊಟ್ಟೆಗೆ ಕೂತು ಒಂಬತ್ತು ಮರಿ ಮಾಡಿತು, ಒಂದರ ಹಾಗೆ ಇನ್ನೊಂದಿಲ್ಲ. ಹಾಗಾದರೆ ನಮ್ಮ ಕೋಳಿಗೆ ಮೂಲವೇ ಇಲ್ವಾ? ದೊಡ್ಡ ಕೆಂಪು ಹುಂಜಕ್ಕೆ ಒಳ್ಳೆ ಗಿರಾಕಿ ಬಂದಿದೆ, ಮಾರಲಾ?’ ಎಂದು ಕೇಳಿದ್ದಾರೆ.)

ಅಕ್ಕಾ, ನಮಸ್ಕಾರ.

ನಿಮ್ಮ ಪತ್ರ ಓದಿ ಎರಡು ದಿನ ಅದೇ ಯೋಚನೆಯಲ್ಲಿದ್ದೆ. ಉತ್ತರ ಓದುವ ಮೊದಲು ಒಂದು ಕೆಲಸ ಮಾಡಿ. ಒಂದು ಹಿಡಿ ಅಕ್ಕಿ ನುಚ್ಚು ಎರಚಿ ಕೋಳಿಗಳನ್ನು ಅಂಗಳಕ್ಕೆ ಕರೆಯಿರಿ. ತಿನ್ನುವುದರಲ್ಲಿ ಮುಳುಗಿದಾಗ ಅವುಗಳ ಕಾಲು ನೋಡಿ. ಪುಕ್ಕದ ಬಣ್ಣ ಬಿಡಿ, ಕಾಲು ಮಾತ್ರ. ಕೆಲವಕ್ಕೆ ಅರಿಶಿನ ಹಳದಿ ಇರುತ್ತದೆ. ಕೆಲವಕ್ಕೆ ಸ್ಲೇಟಿನ ಬೂದು ಬಣ್ಣ. ಒಂದೆರಡಕ್ಕೆ ಹಸಿರು ಛಾಯೆಯೂ ಇರಬಹುದು. ನಿಮ್ಮ ಕೋಳಿಯ ಮೂಲದ ಕತೆ ಅರ್ಧ ಅಲ್ಲೇ ಇದೆ.

ಮೊದಲು ನಿಮ್ಮ ಪಕ್ಕದ ಮನೆಯವರ ಮಾತಿಗೆ ಬರುತ್ತೇನೆ. ಅವರು ಹೇಳಿದ್ದು ಪೂರ್ತಿ ಸರಿ ಅಲ್ಲ, ಪೂರ್ತಿ ತಪ್ಪೂ ಅಲ್ಲ. ನಮ್ಮ ಮಲೆನಾಡಿನಲ್ಲಿ ಬೆಳಿಗ್ಗೆ ಕಾಡಂಚಿಂದ ಕೂಗುವುದು ಬೂದು ಕಾಡುಕೋಳಿ. ಅದರ ಕತ್ತಿನ ಗರಿಗಳ ತುದಿಯಲ್ಲಿ ಮೇಣ ಮೆತ್ತಿದ ಹಾಗೆ ಹಳದಿ ಚುಕ್ಕೆಗಳಿರುತ್ತವೆ. ಕೂಗು ಊರ ಹುಂಜದ್ದರ ಹಾಗಲ್ಲ, ತುಂಡು ತುಂಡಾಗಿ ಕೇಳುತ್ತದೆ. ಈ ಹಕ್ಕಿ ಇರುವುದು ಭಾರತದಲ್ಲಿ ಮಾತ್ರ, ಅದೂ ಹೆಚ್ಚಾಗಿ ದಕ್ಷಿಣದಲ್ಲಿ. ಊರ ಕೋಳಿಯ ಮುಖ್ಯ ಮೂಲ ಇದಲ್ಲ, ಕೆಂಪು ಕಾಡುಕೋಳಿ. ಅದು ನಮ್ಮ ಕಡೆ ಇಲ್ಲ. ಗೋದಾವರಿಯಿಂದ ಮೇಲಕ್ಕೆ, ಹಿಮಾಲಯದ ತಪ್ಪಲು, ಈಶಾನ್ಯ, ಅಲ್ಲಿಂದ ಬರ್ಮಾ, ಥಾಯ್ಲೆಂಡ್, ಚೀನಾದ ದಕ್ಷಿಣದವರೆಗೂ ಇದೆ. ಹುಂಜ ಕೆಂಪು-ಬಂಗಾರ ಬೆನ್ನು, ಕಪ್ಪು ಎದೆ. ನಿಮ್ಮ ದೊಡ್ಡ ಹುಂಜದ ಬಣ್ಣ ಹೀಗೇ ಇದ್ದರೆ ಅದು ಕಾಡಿನಲ್ಲಿದ್ದ ಹಳೇ ಬಣ್ಣವೇ.

ಚಾರ್ಲ್ಸ್ ಡಾರ್ವಿನ್ 1868ರಲ್ಲೇ ಇದನ್ನು ಹೇಳಿದ್ದರು. ಲೋಕದ ಎಲ್ಲ ಸಾಕು ಕೋಳಿಗಳೂ ಕೆಂಪು ಕಾಡುಕೋಳಿ ಒಂದರಿಂದಲೇ ಬಂದವು ಎಂಬುದು ಅವರ ಲೆಕ್ಕ. ಕಲ್ಕತ್ತದ ಮ್ಯೂಸಿಯಂನಲ್ಲಿದ್ದ ಎಡ್ವರ್ಡ್ ಬ್ಲೈತ್ ಎಂಬವರು ಇಲ್ಲಿನ ಹಕ್ಕಿಗಳ ವಿವರಗಳನ್ನು ಅವರಿಗೆ ಕಾಗದದಲ್ಲಿ ಬರೆದು ಕಳಿಸುತ್ತಿದ್ದರು. ಬೂದು ಕಾಡುಕೋಳಿಯನ್ನು ಡಾರ್ವಿನ್ ಲೆಕ್ಕದಿಂದ ಹೊರಗಿಟ್ಟರು. ನೂರ ನಲವತ್ತು ವರ್ಷ ಅದೇ ಮಾತು ನಡೆಯಿತು.

2008ರಲ್ಲಿ ಸ್ವೀಡನ್ನಿನ ಉಪ್ಸಲಾದ ವಿಜ್ಞಾನಿಗಳು ಕೋಳಿಯ ಹಳದಿ ಕಾಲಿನ ಹಿಂದೆ ಬಿದ್ದರು. ಸೊಪ್ಪು, ಮೆಕ್ಕೆಜೋಳ ತಿಂದರೆ ಅದರಲ್ಲಿರುವ ಹಳದಿ ಬಣ್ಣ ಮೈಗೆ ಸೇರುತ್ತದೆ. ಕೆಂಪು ಕಾಡುಕೋಳಿಯ ಚರ್ಮದಲ್ಲಿ ಒಂದು ಕಿಣ್ವ ಆ ಬಣ್ಣವನ್ನು ಕತ್ತರಿಸಿ ಹಾಕುತ್ತದೆ. ಹಾಗಾಗಿ ಅದರ ಕಾಲು ಬೂದು. ಹಳದಿ ಕಾಲಿನ ಕೋಳಿಯಲ್ಲಿ ಆ ಕಿಣ್ವದ ಜೀನ್ ಚರ್ಮದ ಮಟ್ಟಿಗೆ ಮಲಗಿಬಿಟ್ಟಿದೆ, ಬಣ್ಣ ಕಾಲಲ್ಲೇ ಉಳಿಯುತ್ತದೆ. ಆ ಮಲಗಿದ ಜೀನಿನ ತುಂಡು ಎಲ್ಲಿಂದ ಬಂತು ಎಂದು ಹುಡುಕಿದರೆ ಅದು ಕೆಂಪು ಕಾಡುಕೋಳಿಯದ್ದಲ್ಲ. ಬೂದು ಕಾಡುಕೋಳಿಯದ್ದು. ನಮ್ಮ ಘಟ್ಟದ ಕಾಡಿನ ಹಕ್ಕಿಯದ್ದು!

ಇದನ್ನು ಮೊದಲ ಸಲ ಓದಿದಾಗ ನಾನು ಎದ್ದು ನಿಂತಿದ್ದೆ. ಅಮೆರಿಕದ ಶೆಡ್ಡಿನಲ್ಲಿ ಬೆಳೆಯುವ ಹಳದಿ ಚರ್ಮದ ಬ್ರಾಯ್ಲರ್, ಇಟಲಿ ಮೂಲದ ಬಿಳಿ ಲೆಗ್‌ಹಾರ್ನ್, ನಿಮ್ಮ ಅಂಗಳದ ಹಳದಿ ಕಾಲಿನ ಹೇಂಟೆ, ಎಲ್ಲದರ ಒಳಗೂ ಈ ನೆಲದ ಕಾಡುಹಕ್ಕಿಯ ಒಂದು ತುಣುಕು ಇದೆ. ಯಾವುದೋ ಕಾಲದಲ್ಲಿ, ಯಾವುದೋ ಹಟ್ಟಿಯ ಅಂಚಿನಲ್ಲಿ, ಊರ ಕೋಳಿಯೂ ಬೂದು ಕಾಡುಕೋಳಿಯೂ ಕೂಡಿದ್ದವು. ಆ ಮರಿಗಳ ಸಂತತಿ ಉಳಿಯಿತು. ಇದು ಸುಲಭದ ಮಾತಲ್ಲ. ಇವೆರಡೂ ಬೇರೆ ಬೇರೆ ಜಾತಿಯ ಹಕ್ಕಿಗಳು. ಕೂಡಿದರೂ ಹುಟ್ಟುವ ಹೆಣ್ಣು ಮರಿಗಳಲ್ಲಿ ಸಂತಾನ ಶಕ್ತಿ ಬಹಳ ಕಡಿಮೆ. ಗಂಡು ಮರಿಗಳ ಮೂಲಕ ಆ ತುಣುಕು ಊರ ಹಿಂಡಿಗೆ ದಾಟಿರಬೇಕು. ಹಾಗಾಗಿ ಪಕ್ಕದ ಮನೆಯವರಿಗೆ ಹೇಳಿ: ಮುತ್ತಜ್ಜಿ ಬೇರೆ ಕಡೆಯವಳು, ಆದರೆ ಮನೆಗೆ ಬಂದ ನೆಂಟ ಈ ಕಡೆಯವನು. (ಹಾಗಂತ ಯಾರೂ ಕಾಡುಕೋಳಿಯ ಮೊಟ್ಟೆ ತಂದು ಕಾವಿಗೆ ಇಡಬಾರದು. ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ಆ ಹಕ್ಕಿ ಕಾಡಲ್ಲೇ ಇರಲಿ.)

ನಿಮ್ಮ ಕೋಳಿಗಳ ಕಾಲಿನ ಲೆಕ್ಕವೂ ಇಲ್ಲೇ ತಿಳಿಯುತ್ತದೆ. ಹಳದಿ ಕಾಲು ಬರಬೇಕಾದರೆ ಅಪ್ಪ-ಅಮ್ಮ ಇಬ್ಬರಿಂದಲೂ ಆ ತುಣುಕು ಸಿಗಬೇಕು. ಹಳದಿ ಇಲ್ಲದೆ ಚರ್ಮದಲ್ಲಿ ಕಪ್ಪು ಬಣ್ಣ ಇದ್ದರೆ ಸ್ಲೇಟಿನ ಕಾಲು. ಹಳದಿಯೂ ಕಪ್ಪೂ ಎರಡೂ ಸೇರಿದರೆ ಹಸಿರು ಕಾಲು.

ಕೆಂಪು ಕಾಡುಕೋಳಿ ಎಲ್ಲಿ ಊರು ಸೇರಿತು ಎನ್ನುವ ಬಗ್ಗೆ ಜಗಳ ಬಹಳ ನಡೆದಿದೆ. 1990ರ ದಶಕದಲ್ಲಿ ಜಪಾನಿನ ತಂಡವೊಂದು ತಾಯಿಯಿಂದ ಮರಿಗೆ ಮಾತ್ರ ಹೋಗುವ ಮೈಟೋಕಾಂಡ್ರಿಯದ ಡಿಎನ್‌ಎ ನೋಡಿ, ಥಾಯ್ಲೆಂಡ್ ಕಡೆ ಒಂದೇ ಸಲ ಸಾಕಿದ್ದು ಎಂದಿತು. 2006ರಲ್ಲಿ ಚೀನಾದ ತಂಡ ಒಂಬತ್ತು ತಾಯಿ ಬಳಗಗಳನ್ನು ಗುರುತಿಸಿತು. ಅದರಲ್ಲಿ ಒಂದು ಬಳಗ ಭಾರತದಲ್ಲಿ ತುಂಬಾ ಇದೆ, ಯುರೋಪಿನ ಕೋಳಿಗಳಲ್ಲೂ ಬಹುಪಾಲು ಅದೇ. 2008ರಲ್ಲಿ ಹೈದರಾಬಾದಿನ ವಿಜ್ಞಾನಿಗಳು ಭಾರತದ ಕೆಂಪು ಕಾಡುಕೋಳಿಯನ್ನೂ ಸೇರಿಸಿ ನೋಡಿ, ಇಲ್ಲಿನ ಕಾಡುಕೋಳಿಯ ಪಾಲೂ ಸಾಕು ಕೋಳಿಯಲ್ಲಿ ಇದೆ ಎಂದರು. 2020ರಲ್ಲಿ 863 ಹಕ್ಕಿಗಳ ಪೂರ್ತಿ ಡಿಎನ್‌ಎ ಓದಿದ ದೊಡ್ಡ ಕೆಲಸ ಬಂತು. ಚೀನಾದ ನೈಋತ್ಯ ಮೂಲೆ, ಬರ್ಮಾ, ಉತ್ತರ ಥಾಯ್ಲೆಂಡ್ ಸೇರುವ ಜಾಗದ ಕಾಡುಕೋಳಿಯೇ ಸಾಕು ಕೋಳಿಗೆ ಅತಿ ಹತ್ತಿರ, ಅಲ್ಲಿಂದ ಹೊರಟ ಕೋಳಿ ಹೋದ ಹೋದಲ್ಲಿ ಆ ಜಾಗದ ಕಾಡುಕೋಳಿಗಳ ಜೊತೆ ಬೆರೆಯಿತು ಎನ್ನುವುದು ಅದರ ತೀರ್ಮಾನ. ನನಗೆ ಇದೇ ಸರಿ ಅನಿಸುತ್ತದೆ. ಹಳೇ ಜಗಳದ ಎರಡೂ ಕಡೆಯವರ ಮಾತು ಇದರಲ್ಲಿ ಕೂಡಿ ಬರುತ್ತದೆ.

ವರ್ಷದ ಲೆಕ್ಕದಲ್ಲಿ ಮಾತ್ರ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಡಿಎನ್‌ಎ ಸುಮಾರು 9,500 ವರ್ಷ ಎನ್ನುತ್ತದೆ, ಮೂರು ಸಾವಿರ ವರ್ಷ ಆಚೀಚೆ. ಆದರೆ ಖಚಿತವಾಗಿ ಸಾಕು ಕೋಳಿಯದ್ದೇ ಎನ್ನಬಹುದಾದ ಅತಿ ಹಳೇ ಮೂಳೆ ಸಿಕ್ಕಿರುವುದು ಥಾಯ್ಲೆಂಡಿನ ಬಾನ್ ನೋನ್ ವಾಟ್ ಎಂಬಲ್ಲಿ, ಸುಮಾರು 3,500 ವರ್ಷದ್ದು. ಡಿಎನ್‌ಎ ಹೇಳುವುದು ಸಾಕು ಕೋಳಿಯ ಬಳಗದ ದಾರಿ ಕಾಡುಕೋಳಿಯ ಬಳಗದಿಂದ ಯಾವಾಗ ಬೇರೆಯಾಯಿತು ಎಂದು. ಮೂಳೆ ಹೇಳುವುದು ಕೋಳಿ ಯಾವಾಗ ಅಂಗಳಕ್ಕೆ ಬಂತು ಎಂದು. 2022ರಲ್ಲಿ ಈ ಮೂಳೆಗಳ ಬಗ್ಗೆ ಬರೆದವರು ಇನ್ನೊಂದು ಮಾತೂ ಹೇಳಿದ್ದಾರೆ: ಭತ್ತ, ನವಣೆಯಂಥ ಧಾನ್ಯ ಬೆಳೆಯತೊಡಗಿದ ಮೇಲೆಯೇ ಕಾಡುಕೋಳಿ ಊರ ಹತ್ತಿರ ಸುಳಿಯಿತು. ಕಾಳು ಚೆಲ್ಲಿದಲ್ಲಿ ಕೋಳಿ ಬಂತು. ಒಕ್ಕಣೆಯ ಕಣದಲ್ಲಿ ಬೆಳಿಗ್ಗೆ ನಿಂತು ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಅಲ್ವಾ?

ನಮ್ಮ ಭಾಷೆಯೂ ಇದಕ್ಕೆ ಒಂದು ಸಾಕ್ಷಿ ಇಟ್ಟಿದೆ. ಹಳಗನ್ನಡದಲ್ಲಿ ‘ಕೋೞಿ’. ತಮಿಳು, ಮಲಯಾಳದಲ್ಲೂ ಅದೇ ದನಿ. ತುಳುವಿನಲ್ಲಿ ‘ಕೋರಿ’, ತೆಲುಗಿನಲ್ಲಿ ‘ಕೋಡಿ’. ಈ ಭಾಷೆಗಳು ಬೇರೆ ಬೇರೆಯಾಗುವ ಮೊದಲೇ ಈ ಮಾತು ಮನೆಯಲ್ಲಿತ್ತು. ಹೊರಗಿನಿಂದ ನಿನ್ನೆ ಬಂದ ಹೆಸರಲ್ಲ.

ಈಗ ಒಂಬತ್ತು ಮರಿ, ಒಂಬತ್ತು ಬಣ್ಣದ ವಿಷಯ.

ನಮ್ಮ ಅಮ್ಮ ಕುಕ್ಕೆಯಲ್ಲಿ ಹುಲ್ಲು ಹಾಸಿ ಮೊಟ್ಟೆ ಜೋಡಿಸುತ್ತಿದ್ದರು, ಯಾವಾಗಲೂ ಬೆಸ ಸಂಖ್ಯೆ. ಕಾವಿಗೆ ಕೂತ ಹೇಂಟೆ ಮೈ ಉಬ್ಬಿಸಿಕೊಂಡು ಕೊರ್ರ್ ಎನ್ನುತ್ತಿತ್ತು, ಕೈ ಹಾಕಿದರೆ ಕುಕ್ಕುತ್ತಿತ್ತು. ಏಳನೇ ದಿನ ರಾತ್ರಿ ಅಮ್ಮ ಒಂದೊಂದೇ ಮೊಟ್ಟೆ ತೆಗೆದು ಟಾರ್ಚಿನ ಬಾಯಿಗೆ ಹಿಡಿಯುತ್ತಿದ್ದರು. ಒಳಗೆ ಜೇಡ ಕಾಲು ಚಾಚಿದ ಹಾಗೆ ಕೆಂಪು ನರಗಳು ಕಂಡರೆ ವಾಪಸ್ ಕುಕ್ಕೆಗೆ. ಸುಮ್ನೆ ಬೆಳಕು ತೂರಿ ಬಂದರೆ ಅದು ಒಲೆಗೆ. ಇಪ್ಪತ್ತೊಂದನೇ ದಿನ ಮರಿಗಳು ಹೊರಬಂದಾಗ ನಾನೂ ನಿಮ್ಮ ಹಾಗೆಯೇ ಕೇಳಿದ್ದೆ, ಇವೆಲ್ಲ ಒಂದೇ ತಾಯಿಯದಾ ಎಂದು.

ಒಂದೇ ತಾಯಿಯದು, ಆದರೆ ಒಂದೇ ಅಪ್ಪನದು ಎಂದೇನಿಲ್ಲ. ನಿಮ್ಮಲ್ಲಿ ಮೂರು ಹುಂಜ ಇವೆ. ಹೇಂಟೆ ಹುಂಜದ ಬೀಜವನ್ನು ಹೊಟ್ಟೆಯೊಳಗೆ ಹತ್ತು ಹದಿನೈದು ದಿನ ಇಟ್ಟುಕೊಳ್ಳಬಲ್ಲದು. ಹುಂಜ ಹಬ್ಬಕ್ಕೆ ಹೋದ ಮೇಲೂ ಅದರ ಮರಿ ಹುಟ್ಟುವುದು ಹೀಗೇ. ಒಂದು ಕುಕ್ಕೆಯಲ್ಲಿ ಮೂರು ಅಪ್ಪಂದಿರ ಮರಿ ಇರಬಹುದು. ಇದರ ಮೇಲೆ ಒಂದೊಂದು ಅಪ್ಪನೂ ತಾಯಿಯೂ ಒಳಗೆ ಮುಚ್ಚಿಟ್ಟುಕೊಂಡ ಬಣ್ಣಗಳು ಬೇರೆ. ಪಟ್ಟೆ ಪುಕ್ಕದ ಹೇಂಟೆ ಇದ್ದರೆ ಒಂದು ಮಜಾ ನೋಡಿ. ಪಟ್ಟೆಯ ಜೀನ್ ಗಂಡು-ಹೆಣ್ಣು ನಿರ್ಧರಿಸುವ ಕ್ರೋಮೋಸೋಮಿನ ಮೇಲೆ ಕೂತಿದೆ. ಕೋಳಿಯಲ್ಲಿ ಹುಂಜಕ್ಕೆ ಅದು ಎರಡು, ಹೇಂಟೆಗೆ ಒಂದೇ. ಆ ಒಂದನ್ನು ತಾಯಿ ಗಂಡು ಮರಿಗೆ ಮಾತ್ರ ಕೊಡುತ್ತಾಳೆ. ಹಾಗಾಗಿ ಪಟ್ಟೆ ಹೇಂಟೆಗೂ ಪಟ್ಟೆ ಇಲ್ಲದ ಕಪ್ಪು ಹುಂಜಕ್ಕೂ ಹುಟ್ಟಿದ ಕಪ್ಪು ಮರಿಗಳಲ್ಲಿ ನೆತ್ತಿಯ ಮೇಲೆ ಬಿಳಿ ಬೊಟ್ಟು ಇದ್ದದ್ದು ಗಂಡು, ಇಲ್ಲದ್ದು ಹೆಣ್ಣು. ಹುಟ್ಟಿದ ದಿನವೇ ಗೊತ್ತಾಗುತ್ತದೆ.

‘ಒಂದಕ್ಕೆ ಜುಟ್ಟೇ ಸರಿಯಾಗಿಲ್ಲ, ನೆತ್ತಿಗೆ ಅಂಟಿಕೊಂಡ ಹಾಗೆ ಮೂರು ಸಾಲು ಗಂಟು’ ಎಂದು ಬರೆದಿದ್ದೀರಿ. ಅದು ಊನ ಅಲ್ಲ. ಬಟಾಣಿ ಜುಟ್ಟು ಎನ್ನುತ್ತಾರೆ. ಅಸೀಲ್ ಎಂಬ ಕಾಳಗದ ಕೋಳಿಯಲ್ಲಿ ಇದು ಮಾಮೂಲು. ಆಂಧ್ರದ ಕಡೆಯ ಅಸೀಲ್ ರಕ್ತ ಸಂತೆ, ಜಾತ್ರೆಗಳ ಮೂಲಕ ನಮ್ಮ ಹಳ್ಳಿಗಳಿಗೂ ಬಂದಿದೆ. ಬೋಳು ಕತ್ತಿನ ಕೋಳಿಯ ಬಗ್ಗೆಯೂ ಕೇಳಿದ್ದೀರಿ. ‘ನೋಡೋಕೆ ಚಂದ ಇಲ್ಲ ಅಂತ ಮೊದಲು ಅದನ್ನೇ ಸಾರು ಮಾಡ್ತೀವಿ’ ಎಂದಿದ್ದೀರಿ. ದಯವಿಟ್ಟು ಮಾಡಬೇಡಿ! ಕೋಳಿಯ ಒಂದನೇ ಕ್ರೋಮೋಸೋಮಿನ ಒಂದು ತುಂಡು ನಕಲಾಗಿ ಮೂರನೆಯದರಲ್ಲಿ ಹೋಗಿ ಕೂತಿದ್ದರಿಂದ ಆದ ಬದಲಾವಣೆ ಅದು. ಅದರ ಒಂದು ಪ್ರತಿ ಇದ್ದರೆ ಕತ್ತಿನ ಬುಡದಲ್ಲಿ ಒಂದು ಕುಚ್ಚು ಪುಕ್ಕ ಉಳಿಯುತ್ತದೆ, ಎರಡಿದ್ದರೆ ಹೆಚ್ಚುಕಮ್ಮಿ ಪೂರ್ತಿ ಬೋಳು. ಇಡೀ ಮೈಯಲ್ಲೂ ಪುಕ್ಕ ಕಡಿಮೆ. ಏಪ್ರಿಲ್ ಬಿಸಿಲಿಗೆ ಬೇರೆ ಕೋಳಿಗಳು ಬಾಯಿ ಬಿಟ್ಟು ಏದುಸಿರು ಬಿಡುವಾಗ ಇದರ ಮೈಯ ಬಿಸಿ ಬೇಗ ಹೊರಗೆ ಹೋಗುತ್ತದೆ. ಮುಂದಿನ ಬೇಸಿಗೆಗಳಿಗೆ ಬೇಕಾದ ಕೋಳಿ ಅದು.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಮನಸ್ಸಿಗೆ ನೋವಾಗಿದ್ದು ಅಲ್ಲೇ ಎಂದು ಪತ್ರದಲ್ಲಿ ಕಾಣುತ್ತದೆ. ‘ನಾನ್‌ಡಿಸ್ಕ್ರಿಪ್ಟ್’ ಎಂದರೆ ತಳಿ ಇಲ್ಲ ಎಂದಲ್ಲ. ಯಾವುದೇ ನೋಂದಾಯಿತ ತಳಿಯ ವಿವರಕ್ಕೆ ಇದು ಹೊಂದುವುದಿಲ್ಲ ಎಂದಷ್ಟೇ ಅರ್ಥ. ದೇಶದ ತಳಿಗಳ ನೋಂದಣಿ ಮಾಡುವುದು ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ. 1984ರಲ್ಲಿ ಅದು ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ, ಮರುವರ್ಷ ಕರ್ನಾಲಿಗೆ ಹೋಯಿತು. ಅವರ ಪಟ್ಟಿಯಲ್ಲಿ ಅಸೀಲ್, ಕಡಕ್‌ನಾಥ್, ಕೇರಳದ ತಲಶ್ಶೇರಿ, ಅಂಡಮಾನ್ ಕಡೆಯ ನಿಕೋಬಾರಿ, ಹೀಗೆ ಹಲವು ಇವೆ. ನಮ್ಮ ರಾಜ್ಯದ ಹೆಸರು ಇರುವುದು ಘಾಗಸ್ ಎಂಬ ತಳಿಯಲ್ಲಿ, ಅದೂ ಆಂಧ್ರದ ಜೊತೆ ಹಂಚಿಕೊಂಡು. ಕೋಲಾರದ ಕಡೆ, ಗಡಿಯ ಆಚೆ ಚಿತ್ತೂರು, ಅನಂತಪುರದ ಕಡೆ ಅದು ಇದೆ. ಮಲೆನಾಡು, ಕರಾವಳಿ, ಬಯಲುಸೀಮೆ, ಉತ್ತರ ಕರ್ನಾಟಕದ ಜವಾರಿ ಕೋಳಿ, ಇವೆಲ್ಲ ‘ನಾಟಿ’ ಎಂಬ ಒಂದೇ ಮಾತಿನೊಳಗೆ ಕೂತಿವೆ. ಇದು ಕೋಳಿಯ ಕೊರತೆ ಅಲ್ಲ ಅಕ್ಕಾ. ನೋಂದಣಿಗೆ ಬೇಕಾದ ಹಾಗೆ ಯಾರೂ ಕೂತು ಅಳೆದು, ಬರೆದು ಇಟ್ಟಿಲ್ಲ. ಹಾಗಂತ ಗಮನಿಸಿ ನೋಡಿದವರೇ ಇಲ್ಲ ಎಂದಲ್ಲ. ತುಳುನಾಡಿನಲ್ಲಿ ಹುಂಜದ ಒಂದೊಂದು ಬಣ್ಣಕ್ಕೂ ಒಂದೊಂದು ಹೆಸರು: ಬೊಳ್ಳೆ, ಕಕ್ಕೆ, ಮೈರೆ, ಉರಿಯೆ, ನೀಲೆ. ಕುಕ್ಕುಟ ಪಂಚಾಂಗ ಎಂದೇ ಒಂದಿದೆ. ಕೋಳಿ ಅಂಕದ ಬಗ್ಗೆ ನನಗೆ ಒಲವಿಲ್ಲ, ಆದರೆ ಹಕ್ಕಿಯನ್ನು ಇಷ್ಟು ಹತ್ತಿರದಿಂದ ನೋಡಿದ ಕಣ್ಣಿಗೆ ಗೌರವ ಇದೆ.

ಮಗನ ಮೇಲೆ ಕೋಪ ಮಾಡಿಕೊಳ್ಳಬೇಡಿ. ಅವನು ದುಡಿಮೆಯ ಲೆಕ್ಕ ಹಾಕುತ್ತಿದ್ದಾನೆ. ನಾಟಿ ಹೇಂಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಟ್ಟರೆ ಹೆಚ್ಚು. ಫಾರಂ ಕೋಳಿ ಮುನ್ನೂರು ದಾಟುತ್ತದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ತಯಾರಾದ ಗಿರಿರಾಜ ಎಂಬ ತಳಿ ಹಿತ್ತಲಲ್ಲೂ ಚೆನ್ನಾಗಿ ಬೆಳೆಯುತ್ತದೆ, ನಾಟಿಗಿಂತ ಎರಡು ಪಟ್ಟು ಮೊಟ್ಟೆ ಕೊಡುತ್ತದೆ. ಬೇಕಾದರೆ ಅದನ್ನೂ ಸಾಕಲಿ. ಆದರೆ ಗಿರಿರಾಜ ಕಾವಿಗೆ ಕೂರುವುದಿಲ್ಲ. ಅದರ ಮರಿಯ ಮರಿಗೆ ಅದೇ ಗುಣ ಬರುವುದೂ ಇಲ್ಲ. ಪ್ರತಿ ಸಲ ಹೊಸ ಮರಿ ಕೊಂಡು ತರಬೇಕು. ನಿಮ್ಮ ಹೇಂಟೆ ಕಾವು ಕೂತು, ಮರಿ ಮಾಡಿ, ಹದ್ದು ಬಂದರೆ ರೆಕ್ಕೆಯಡಿ ಮುಚ್ಚಿ, ತಿಪ್ಪೆ ಕೆದಕುವುದು ಕಲಿಸುತ್ತದೆ. ಆ ಕೆಲಸಕ್ಕೆ ಫಾರಂನಲ್ಲಿ ಯಂತ್ರ, ಕರೆಂಟು, ಆಳು ಎಲ್ಲ ಬೇಕು. ಹಾಗಾಗಿ ಗಿರಿರಾಜ ತಂದರೂ ಅದರ ಹುಂಜವನ್ನು ನಾಟಿ ಹೇಂಟೆಗಳ ಜೊತೆ ಬಿಡಬೇಡಿ. ಬಿಟ್ಟರೆ ಎರಡು ಮೂರು ತಲೆಮಾರಿನಲ್ಲಿ ಕಾವು ಕೂರುವ ಗುಣ ಕುಗ್ಗಬಹುದು.

ಕಡಕ್‌ನಾಥ್ ಎಂಬ ಕಪ್ಪು ಕೋಳಿಯ ಬಗ್ಗೆ ಒಂದೇ ಮಾತು. ಮಧ್ಯಪ್ರದೇಶದ ಝಾಬುವಾದ ಒಳ್ಳೆ ಕೋಳಿ ಅದು, 2018ರಲ್ಲಿ ಜಿಐ, ಅಂದರೆ ಆ ಜಾಗದ್ದೇ ಎನ್ನುವ ಭೌಗೋಳಿಕ ಗುರುತು ಸಿಕ್ಕಿತು. ಮಾಂಸ, ಮೂಳೆ ಕಪ್ಪಾಗುವುದು ಬಣ್ಣದ ಕಣಗಳನ್ನು ಬೆಳೆಸುವ ಒಂದು ಜೀನ್ ಎರಡೆರಡು ಸಲ ಇರುವುದರಿಂದ. ಮೊಟ್ಟೆ ಮಾತ್ರ ಕಪ್ಪಲ್ಲ, ತಿಳಿ ಕಂದು. ಕಪ್ಪು ಮೊಟ್ಟೆ ಎಂದು ಫೋಟೋ ತೋರಿಸಿ ಮುಂಗಡ ಕೇಳುವವರ ಹತ್ತಿರ ಹೋಗಬೇಡಿ.

ಫಾರಂ ಕೋಳಿಯ ಇನ್ನೊಂದು ಮುಖ ಮಗನಿಗೆ ಹೇಳಿ. 2008ರಲ್ಲಿ ಲೋಕದ ದೊಡ್ಡ ಕಂಪನಿಗಳ ಕೋಳಿಗಳ ಡಿಎನ್‌ಎಯನ್ನು ಹಳೇ ತಳಿಗಳ ಜೊತೆ ಹೋಲಿಸಿದರು. ಹಳೇ ಕೋಳಿಯಲ್ಲಿದ್ದ ವೈವಿಧ್ಯದ ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಅವುಗಳಲ್ಲಿ ಕಳೆದುಹೋಗಿತ್ತು. ಹೆಚ್ಚಾಗಿ ಅಪರೂಪದ ಜೀನ್ ರೂಪಗಳೇ ಹೋಗಿದ್ದವು. ನಾಳೆ ಹೊಸ ರೋಗ ಬಂದರೆ ಎದುರಿಸುವ ಗುಣ ಅಂಥ ಅಪರೂಪದ ರೂಪದಲ್ಲೇ ಇರಬಹುದು. ಮಾರೆಕ್ಸ್ ಎಂಬ ಗಡ್ಡೆ ರೋಗದಲ್ಲಿ ಇದು ಕಂಡಿದೆ. ರೋಗನಿರೋಧದ ಜೀನುಗಳ ಒಂದು ರೂಪ ಇದ್ದ ಕೋಳಿಗಳು ಆ ರೋಗವನ್ನು ಚೆನ್ನಾಗಿ ತಡೆದುಕೊಂಡವು. 2019ರ ಜಾನುವಾರು ಗಣತಿಯಂತೆ ದೇಶದ 85 ಕೋಟಿ ಕೋಳಿ-ಬಾತುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಲ್ಲಿ ಸಾಕಿದವು. ಆ ಅಪರೂಪದ ರೂಪಗಳು ಉಳಿದಿರುವುದು ನಿಮ್ಮ ಅಂಗಳದಂಥ ಅಂಗಳಗಳಲ್ಲಿ.

ಹಾಗಂತ ‘ನಾಟಿ ಕೋಳಿಗೆ ರೋಗ ಬರಲ್ಲ’ ಎಂದು ಕೂರಬೇಡಿ. ಕೊಕ್ಕರೆ ರೋಗ ಬಂದರೆ ನಾಟಿ ಹಿಂಡೂ ವಾರದಲ್ಲಿ ಖಾಲಿ. ನಮ್ಮ ಮನೆಯಲ್ಲಿ ಒಂದು ಬೇಸಿಗೆ ಇಪ್ಪತ್ತೆರಡು ಕೋಳಿ ಇದ್ದದ್ದು ಮೂರಕ್ಕೆ ಬಂತು. ಕತ್ತು ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ ಸತ್ತವು. ಅಮ್ಮ ಎರಡು ದಿನ ಊಟ ಮಾಡಲಿಲ್ಲ. ಲಸಿಕೆ ಹಾಕಿಸಿ. ಪಶು ಆಸ್ಪತ್ರೆಯಲ್ಲಿ ಕೇಳಿದರೆ ಯಾವ ವಯಸ್ಸಿಗೆ ಯಾವುದು ಎಂದು ಹೇಳುತ್ತಾರೆ.

ಕೊನೆಗೆ ಕೆಂಪು ಹುಂಜದ ಪ್ರಶ್ನೆ. ನಾವೆಲ್ಲ ಮಾಡುವ ತಪ್ಪು ಒಂದೇ. ಹಬ್ಬ ಬಂದಾಗ ಅತಿ ಚೆನ್ನಾಗಿ ಬೆಳೆದ ಹುಂಜವನ್ನು ಮಾರುತ್ತೇವೆ, ಸೊರಗಿದ್ದನ್ನು ಹಿಂಡಿಗೆ ಬಿಡುತ್ತೇವೆ. ಹತ್ತು ವರ್ಷ ಹೀಗೆ ಮಾಡಿದರೆ ಹಿಂಡು ಸೊರಗದೆ ಇನ್ನೇನಾದೀತು? ಹದಿನಾಲ್ಕು ಹೇಂಟೆಗೆ ಎರಡು ಹುಂಜ ಸಾಕು. ಕೆಂಪು ಹುಂಜ ಗಟ್ಟಿಯಾಗಿದ್ದು, ಹದ್ದು ಕಂಡಾಗ ಮೊದಲು ಕೂಗುವುದು ಅದೇ ಎಂದು ನೀವೇ ಬರೆದಿದ್ದೀರಿ. ಅದನ್ನು ಇಟ್ಟುಕೊಳ್ಳಿ. ಉಳಿದ ಎರಡರಲ್ಲಿ ಮೆತ್ತಗಿರುವುದನ್ನು ಆ ಗಿರಾಕಿಗೆ ಕೊಡಿ. ವರ್ಷ ಎರಡು ವರ್ಷ ಆದ ಮೇಲೆ ಕೆಂಪು ಹುಂಜ ತನ್ನ ಮರಿಗಳನ್ನೇ ಕೂಡುವ ಹೊತ್ತಿಗೆ, ಎರಡು ಮೂರು ಊರು ಆಚೆ ನಾಟಿ ಸಾಕುವ ನೆಂಟರ ಮನೆಗೆ ಅದನ್ನು ಕೊಟ್ಟು ಅಲ್ಲಿಂದ ಒಂದು ಹುಂಜ ತನ್ನಿ. ದುಡ್ಡು ಬೇಡ, ಬದಲಿ. ನಮ್ಮ ಅಜ್ಜಿಯಂದಿರು ತವರಿಂದ ಬರುವಾಗ ಸೆರಗಿನಲ್ಲಿ ಮೊಟ್ಟೆ ಕಟ್ಟಿಕೊಂಡು ಬರುತ್ತಿದ್ದದ್ದು ಇದೇ ಕೆಲಸ.

ಅರ್ಜಿಯ ‘ತಳಿ’ ಜಾಗದಲ್ಲಿ ‘ನಾಟಿ, ಮಲೆನಾಡು’ ಎಂದು ನಿಮ್ಮ ಕೈಯಲ್ಲೇ ಬರೆದುಕೊಡಿ. ಮತ್ತೆ ಆ ಒಂಬತ್ತು ಮರಿಗಳಿಗೆ ಪುಕ್ಕ ಬಂದ ಮೇಲೆ ಎಷ್ಟಕ್ಕೆ ಹಳದಿ ಕಾಲು, ಎಷ್ಟಕ್ಕೆ ಬೂದು ಎಂದು ನನಗೆ ಬರೆಯಿರಿ. ಕಾಯುತ್ತಿರುತ್ತೇನೆ.

— ಸಂಪಾದಕ